ತವರಿನ ಪಾಲು ಬಂದ್ರೆ ಕಾರ್ಡ್ ಹೋಗುತ್ತಾ?

ಸೀರೆಗೆ ಫಾಲ್ ಹಚ್ಚಿಸಲು ನಾನು ಹೋಗುವುದು ಹಿಂದಿನ ಬೀದಿಯ ಅಕ್ಕನ ಹತ್ತಿರ. ಹೋದ ವಾರ ಹೋದರೆ ಮಷೀನ್ ಸದ್ದೇ ಇಲ್ಲ. ಅಕ್ಕ ಒಂದು ಕಾಗದ ಹಿಡಿದುಕೊಂಡು ಸುಮ್ಮನೆ ಕೂತಿದ್ದರು. "ಮೇಡಂ, ನೀವು ಓದಿದೋರು, ಇದೇನಂತ ಸ್ವಲ್ಪ ನೋಡಿ ಹೇಳ್ತೀರಾ?" ಅಂದರು.

ನೋಡಿದರೆ ಟೈಪ್ ಮಾಡಿಸಿದ ಹಕ್ಕು ಬಿಡುಗಡೆ ಪತ್ರ! ಅಕ್ಕನ ಅಪ್ಪ ತೀರಿಕೊಂಡು ವರ್ಷವಾಗುತ್ತಾ ಬಂತು. ಅಮ್ಮ ಅದಕ್ಕೂ ಮೊದಲೇ ಹೋದವರು. ತುಮಕೂರು ಕಡೆಯ ಊರಿನಲ್ಲಿ ಅಪ್ಪ ಸ್ವಂತ ದುಡಿಮೆಯಿಂದ ಕಟ್ಟಿಸಿದ ಮನೆಯೊಂದಿದೆ. ಮಾರಿದರೆ ಹದಿನೈದು ಲಕ್ಷ ಬರಬಹುದಂತೆ. ಇಬ್ಬರು ತಮ್ಮಂದಿರು ಬಂದು, "ಅಕ್ಕಾ, ಅರಿಶಿನ ಕುಂಕುಮಕ್ಕೆ ಅಂತ ಐವತ್ತು ಸಾವಿರ ಕೊಡ್ತೀವಿ, ಸೈನ್ ಹಾಕ್ಬಿಡು. ನಿನ್ನ ಹೆಸರಿಗೆ ಆಸ್ತಿ ಬಂದ್ರೆ ಬಿಪಿಎಲ್ ಕಾರ್ಡ್ ಹೋಗುತ್ತೆ, ವಿಧವಾ ವೇತನ ಹೋಗುತ್ತೆ, ಗೃಹಲಕ್ಷ್ಮಿನೂ ಹೋಗುತ್ತೆ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು" ಎಂದು ಹೇಳಿ ಹೋಗಿದ್ದಾರೆ.

ನಿಜ ಹೇಳಬೇಕೆಂದರೆ ನನಗೂ ಮೊದಲು ಹೌದಲ್ವಾ ಅನ್ನಿಸಿತು. ಗಂಡನಿಲ್ಲದ ಮನೆ, ಪಿಯುಸಿ ಓದುವ ಮಗಳು, ಹೊಲಿಗೆಯಿಂದ ತಿಂಗಳಿಗೆ ಬರುವುದು ಎರಡೂವರೆ ಸಾವಿರ. ಇರುವ ಆಸರೆಯೂ ತಪ್ಪಿದರೆ? ಆದರೆ ಮನೆಗೆ ಬಂದು ಒಂದೊಂದೇ ನಿಯಮ ಕೆದಕಿ ನೋಡಿದಾಗ ತಮ್ಮಂದಿರ ಮಾತಿನಲ್ಲಿ ನಿಜ ಸ್ವಲ್ಪ, ಹೆದರಿಕೆ ಜಾಸ್ತಿ ಅಂತ ಗೊತ್ತಾಯಿತು.

ಮೊದಲು ಹಕ್ಕಿನ ಮಾತು. ಅಪ್ಪ ಸ್ವಂತ ದುಡಿಮೆಯಿಂದ ಮಾಡಿದ ಆಸ್ತಿಗೆ ಉಯಿಲು ಬರೆಯದೆ ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಮದುವೆಯಾಗಿದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಇಲ್ಲ. ಪಿತ್ರಾರ್ಜಿತ ಆಸ್ತಿಯಾದರೆ 2005ರ ತಿದ್ದುಪಡಿ ಮಗಳನ್ನು ಮಗನ ಸಮಕ್ಕೆ ನಿಲ್ಲಿಸಿದೆ. ತಿದ್ದುಪಡಿ ಬಂದ ದಿನ ಅಪ್ಪ ಬದುಕಿರಬೇಕಿತ್ತು ಎಂಬ ವಾದವನ್ನೂ ಸುಪ್ರೀಂ ಕೋರ್ಟ್ 2020ರಲ್ಲಿ ತಳ್ಳಿಹಾಕಿತು. ಅಂದ ಮೇಲೆ ಈ ಮನೆಯಲ್ಲಿ ಅಕ್ಕನದು ಮೂರನೇ ಒಂದು ಪಾಲು, ಅಂದರೆ ಐದು ಲಕ್ಷ. ಅರಿಶಿನ ಕುಂಕುಮಕ್ಕೆ ಐವತ್ತು ಸಾವಿರ ಅಂದರೆ ಅದರ ಹತ್ತನೇ ಒಂದು ಭಾಗ!

ಇನ್ನು ಕಾರ್ಡಿನ ಲೆಕ್ಕ. ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ಮೀರಬಾರದು. ಗಮನಿಸಿ, ಅಲ್ಲಿ ಕೇಳುವುದು ಆದಾಯ. ಊರಿನ ಮನೆಯಲ್ಲಿ ಪಾಲಿದೆ ಅನ್ನುವುದು ಆದಾಯವಲ್ಲ. ಆಸ್ತಿಗೂ ಕೆಲವು ಮಿತಿಗಳಿವೆ ನಿಜ: 3 ಹೆಕ್ಟೇರ್‌ಗಿಂತ ಹೆಚ್ಚು ಒಣಭೂಮಿ ಅಥವಾ ಅದಕ್ಕೆ ಸಮನಾದ ನೀರಾವರಿ ಜಮೀನು, ನಗರದಲ್ಲಿ 1,000 ಚದರ ಅಡಿ ಮೀರಿದ ಸ್ವಂತ ಪಕ್ಕಾ ಮನೆ, ಸ್ವಂತ ಬಳಕೆಯ ಕಾರು ಇರಬಾರದು. ಆದಾಯ ತೆರಿಗೆ ಕಟ್ಟುವವರಾಗಿರಬಾರದು. ಇದರಲ್ಲಿ ಯಾವುದೂ ನಮ್ಮ ಅಕ್ಕನಿಗೆ ಅನ್ವಯಿಸುವುದಿಲ್ಲ.

ಮನೆ ಮಾರಿ ಐದು ಲಕ್ಷ ಕೈಗೆ ಬಂತು, ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟರು ಅಂತಿಟ್ಟುಕೊಳ್ಳಿ. ಶೇ 7ರ ಲೆಕ್ಕ ಹಿಡಿದರೆ ವರ್ಷಕ್ಕೆ ಬಡ್ಡಿ 35,000. ಹೊಲಿಗೆಯ 30,000 ಸೇರಿಸಿದರೆ 65,000. ಕಾರ್ಡಿಗೆ ಏನೂ ಆಗಲ್ಲ. ಆದರೆ ವಿಧವಾ ವೇತನದ ಆದಾಯ ಮಿತಿ ವರ್ಷಕ್ಕೆ 32,000 ಮಾತ್ರ. ಹಾಗಾಗಿ ಅದು ಹೋಗುತ್ತೆ, ತಮ್ಮಂದಿರು ಹೇಳಿದ್ದರಲ್ಲಿ ನಿಜ ಇಷ್ಟೇ. ತಿಂಗಳಿಗೆ 800ರಂತೆ ವರ್ಷಕ್ಕೆ 9,600 ರೂಪಾಯಿ ಖೋತಾ. ಅದನ್ನು ಉಳಿಸಿಕೊಳ್ಳಲು ವರ್ಷಕ್ಕೆ 35,000 ಬಡ್ಡಿ ತರುವ ಐದು ಲಕ್ಷ ಬಿಡಬೇಕಾ? ಅಕ್ಕನಿಗೆ ಈ ಲೆಕ್ಕ ಕಡಲೆಕಾಯಿ ಪೊಟ್ಟಣದ ಹಿಂದೆ ಬರೆದು ತೋರಿಸಿದೆ. "ಇಷ್ಟು ದಿನ ಯಾರೂ ಕೂಡಿ ಕಳೆದು ಹೇಳ್ಲೇ ಇಲ್ವಲ್ಲ" ಅಂದರು.

ಗೃಹಲಕ್ಷ್ಮಿಯ ಬಗ್ಗೆ ಎಲ್ಲರಲ್ಲೂ ಒಂದು ತಪ್ಪು ಕಲ್ಪನೆ ಇದೆ. 2023ರ ಆಗಸ್ಟ್‌ನಲ್ಲಿ ಶುರುವಾದ ಈ ಯೋಜನೆಯ ಎರಡು ಸಾವಿರ ಬಿಪಿಎಲ್‌ನವರಿಗೆ ಮಾತ್ರವಲ್ಲ, ಎಪಿಎಲ್ ಕಾರ್ಡಿನ ಯಜಮಾನಿಗೂ ಉಂಟು. ಆಕೆ ಅಥವಾ ಗಂಡ ಆದಾಯ ತೆರಿಗೆ ಕಟ್ಟುವವರಾಗಿರಬಾರದು, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿರಬಾರದು, ಅಷ್ಟೆ. ಬಸ್ಸಿನ ಶಕ್ತಿ ಯೋಜನೆಗಂತೂ ಕಾರ್ಡನ್ನೇ ಕೇಳುವುದಿಲ್ಲ. ಬಿಪಿಎಲ್ ಹೋದರೆ ನಿಜವಾಗಿ ಕಷ್ಟವಾಗುವುದು ಆಸ್ಪತ್ರೆಯಲ್ಲಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30 ಮಾತ್ರ ಸರ್ಕಾರದ್ದು, ಉಳಿದದ್ದು ನಮ್ಮ ಕೈಯಿಂದ. ಜಾಸ್ತಿ ಆಸ್ತಿ ಬರುವವರು ಅಕ್ಕಿಗಿಂತ ಮುಂಚೆ ಇದನ್ನು ಯೋಚಿಸಬೇಕು.

ಎಚ್ಚರ ವಹಿಸಬೇಕಾದ್ದು ತೆರಿಗೆಯ ವಿಷಯದಲ್ಲಿ. ನಮ್ಮಲ್ಲಿ ಪಿತ್ರಾರ್ಜಿತವಾಗಿ ಬಂದ ಆಸ್ತಿಗೆ ತೆರಿಗೆ ಇಲ್ಲ. ಹಿಂದೆ ಇದ್ದ ಎಸ್ಟೇಟ್ ಡ್ಯೂಟಿ 1985ರಲ್ಲೇ ರದ್ದಾಯಿತು. ಆದರೆ ಬಂದ ಆಸ್ತಿಯನ್ನು ಮಾರಿದರೆ ಲಾಭದ ಮೇಲೆ ತೆರಿಗೆ ಬೀಳಬಹುದು. ಅಪ್ಪ ಖರ್ಚು ಮಾಡಿದ ಮೊತ್ತವೇ ನಿಮ್ಮ ಅಸಲು. 2001ಕ್ಕಿಂತ ಹಿಂದಿನ ಮನೆಯಾದರೆ ಆ ವರ್ಷದ ಏಪ್ರಿಲ್ 1ರ ಬೆಲೆಯನ್ನು ಅಸಲಾಗಿ ತೋರಿಸಬಹುದು. ಪಾಲು ಚಿಕ್ಕದಾದರೆ ತೆರಿಗೆ ಬಾರದೆಯೂ ಇರಬಹುದು. ಆದರೆ ತೆರಿಗೆದಾರರ ಪಟ್ಟಿಗೆ ಸೇರಿದರೆ ಕಾರ್ಡು, ಗೃಹಲಕ್ಷ್ಮಿ ಎರಡಕ್ಕೂ ಕುತ್ತು. 2024ರ ನವೆಂಬರ್‌ನಲ್ಲಿ ಕಾರ್ಡು ರದ್ದತಿಯ ಗದ್ದಲವಾದಾಗ ಸರ್ಕಾರ ಉಳಿದವರಿಗೆ ಕಾರ್ಡು ವಾಪಸ್ ಕೊಡುತ್ತೇವೆ ಎಂದರೂ ತೆರಿಗೆದಾರರನ್ನೂ ಸರ್ಕಾರಿ ನೌಕರರನ್ನೂ ಬಿಡಲಿಲ್ಲ. ಅದಕ್ಕೇ ಮಾರುವ ಮೊದಲೇ ಒಬ್ಬ ಆಡಿಟರ್ ಹತ್ತಿರ ಲೆಕ್ಕ ಹಾಕಿಸಿ.

"ದುಡ್ಡು ತಮ್ಮನ ಅಕೌಂಟಲ್ಲೇ ಇರಲಿ, ನನಗೆ ಬೇಕಾದಾಗ ಕೊಡ್ತಾನೆ" ಎನ್ನುವವರೂ ಇದ್ದಾರೆ. ದಯವಿಟ್ಟು ಬೇಡ. ತಮ್ಮ ಒಳ್ಳೆಯವನೇ ಇರಬಹುದು, ನಾಳೆ ಅವನಿಗೂ ಹೆಂಡತಿ ಮಕ್ಕಳ ಖರ್ಚಿಲ್ಲವೇ? ಮುಚ್ಚಿಟ್ಟು ವೇತನ ತೆಗೆದುಕೊಳ್ಳುವುದೂ ಬೇಡ. ಖಾತೆಗೆಲ್ಲ ಆಧಾರ್, ಪ್ಯಾನ್ ಜೋಡಿಸಿರುವಾಗ ಬಡ್ಡಿ ಯಾರ ಕಣ್ಣಿಗೂ ಬೀಳಲ್ಲ ಅನ್ನೋ ಕಾಲ ಹೋಯ್ತು. ಮಿತಿ ದಾಟಿದ ಕೂಡಲೇ ನಾಡಕಚೇರಿಗೆ ಒಂದು ಅರ್ಜಿ ಕೊಟ್ಟು, ಸ್ವೀಕೃತಿ ಪಡೆದು ಇಟ್ಟುಕೊಳ್ಳಿ.

ಊರಿನಲ್ಲಿ ಜಮೀನೂ ಇದ್ದರೆ ಪೌತಿ ಖಾತೆ ಯಾರ ಹೆಸರಿಗೆ ಆಗುತ್ತಿದೆ ನೋಡಿ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನು ಬಿಟ್ಟು ಬರೆಸುವುದು ಹೊಸದೇನಲ್ಲ. ಖಾತೆ ತಮ್ಮಂದಿರ ಹೆಸರಿಗಾದ ಮಾತ್ರಕ್ಕೆ ನಿಮ್ಮ ಹಕ್ಕು ಹೋಗುವುದಿಲ್ಲ. ಆದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರಕ್ಕೆ ಒಮ್ಮೆ ಸಹಿ ಹಾಕಿದರೆ ವಾಪಸ್ ಪಡೆಯುವುದು ಬಹಳ ಕಷ್ಟ. ವಕೀಲರಿಗೆ ಕೊಡಲು ದುಡ್ಡಿಲ್ಲ ಅನ್ನುವವರು ಕೋರ್ಟ್ ಆವರಣದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಂಗಸರಿಗೆ ಅಲ್ಲಿ ಉಚಿತ ನೆರವು. ವಿಶೇಷ ಅಂದ್ರೆ, ಅಲ್ಲಿ ಮಾತ್ರ ನಿಮ್ಮ ಆದಾಯ ಎಷ್ಟು ಅಂತ ಕೇಳುವುದಿಲ್ಲ!

ಅಕ್ಕ ಇನ್ನೂ ಸೈನ್ ಹಾಕಿಲ್ಲ. ಭಾನುವಾರ ತಮ್ಮಂದಿರು ಮತ್ತೆ ಬರುತ್ತಾರಂತೆ. "ಬರೋವಾಗ ಮನೆಪತ್ರದ ಜೆರಾಕ್ಸ್ ತನ್ನಿ, ಮೇಡಂಗೆ ತೋರಿಸ್ಬೇಕು" ಅಂತ ಫೋನ್ ಮಾಡಿ ಹೇಳಿದ್ದಾರೆ.