ಬದುವಿನ ತನಕ ಬಂದು ನಿಂತ ಕಾಯ್ದೆ

ಸಸ್ತಾಪುರ ಬಂಗ್ಲಾದಿಂದ ಹುಮನಾಬಾದ್ ಕಡೆ ಹೊರಟರೆ ರಾಜೇಶ್ವರದ ಆಸುಪಾಸಿನಲ್ಲಿ ಕಣ್ಣು ಹಾಯಿಸಿದಷ್ಟೂ ತೊಗರಿ, ಸೋಯಾ. ಅಂಥದೊಂದು ಹೊಲದ ಬದುವಿನ ಮೇಲೆ ಕುರ್ಪಿ ಹಿಡಿದ ಕೂಲಿ ಹೆಂಗಸರು ಕೂತಿದ್ದರು. ಹಿಂದಿನ ಸಂಜೆ ಅಲ್ಲಿ ಎಣ್ಣಿ, ಅಂದರೆ ಕೀಟನಾಶಕ, ಹೊಡೆದಿದ್ದರು. ‘ಇವತ್ತ ಆ ಕಡಿ ಕಸ ತೆಗಿತೀವ್ರಿ ಸಾವ್ಕಾರ್ರ, ಇದಕ್ಕ ನಾಳಿಗಿ ಬರ್ತೀವಿ’ ಎಂದರು ಹಿರಿಯಾಕೆ. ಮಾಲೀಕ ಗೊಣಗಿದ, ಒಪ್ಪಿದ. ಅಷ್ಟೇ. ಕಾರ್ಮಿಕರ ಸುರಕ್ಷತೆಯ ಕಾರ್ಯಾಗಾರಗಳನ್ನು ಸಾಕಷ್ಟು ಕಂಡ ನನಗೆ ಆ ಸಣ್ಣ ಮಾತಿನ ಗುಂಗು ಇನ್ನೂ ಇಳಿದಿಲ್ಲ. (ಹೊಡೆದ ಹೊಲಕ್ಕೆ ಇಳಿಯಲು ಕೆಲವು ಔಷಧಿಗೆ ಒಂದು ದಿನ ಕಾದರೂ ಸಾಲದು, ಅದು ಬೇರೆ ಮಾತು.)

ಆ ಹಿರಿಯಾಕೆಗೆ ಅಕ್ಷರ ಬಾರದು, ಆದರೆ ವಿಷ ಎಷ್ಟು ಘೋರ ಎಂದು ಸೀಸೆ ನೋಡಿ ಹೇಳುತ್ತಾರೆ. ಕೀಟನಾಶಕದ ಪ್ರತಿ ಸೀಸೆಯ ಮೇಲೂ ಓರೆಯಾಗಿ ನಿಲ್ಲಿಸಿದ ಒಂದು ಚೌಕವಿರುತ್ತದೆ. ಅದರ ಕೆಳಗಿನ ತ್ರಿಕೋನದಲ್ಲಿ ಬಣ್ಣ. ಕೆಂಪು ಅತಿ ಘೋರ. ಅದಕ್ಕೆ ಮಾತ್ರ ತಲೆಬುರುಡೆಯ ಚಿತ್ರ. ಆಮೇಲೆ ಹಳದಿ, ನೀಲಿ, ಹಸಿರು. ಚೌಕವು ಲೇಬಲ್ಲಿನ ಮುಖದ ಹದಿನಾರನೇ ಒಂದು ಭಾಗಕ್ಕಿಂತ ಚಿಕ್ಕದಿರಕೂಡದು ಎಂದು 1971ರ ನಿಯಮ ಅಳತೆಯನ್ನೂ ಕೊಟ್ಟಿದೆ. ಅದನ್ನು ಬರೆದ ಅಧಿಕಾರಿಗಳ ಶ್ರದ್ಧೆಗೆ ನಾನು ಮಾರುಹೋಗಿದ್ದೇನೆ. ಆದರೆ ಹಸಿರು ಕಂಡರೆ ನಾವೆಲ್ಲ ರಸ್ತೆಯ ಸಿಗ್ನಲ್ಲಿನಂತೆ ಮುಂದೆ ಹೋಗಬಹುದು ಅಂದುಕೊಳ್ಳುತ್ತೇವೆ. ಇಲ್ಲಿ ಹಸಿರೂ ವಿಷವೇ, ಕಡಿಮೆ ವಿಷ. ಅದೂ ಒಮ್ಮೆಲೇ ಮೈಗೆ ಹೋದರೆ ಎಷ್ಟು ಅಪಾಯ ಎಂಬುದಷ್ಟೇ ಆ ಬಣ್ಣದ ಲೆಕ್ಕ. ಹತ್ತು ವರ್ಷ ದಿನಾ ಸ್ವಲ್ಪಸ್ವಲ್ಪ ತಾಗಿದರೆ ಏನಾಗುತ್ತದೆ ಎಂಬುದಕ್ಕೆ ಬಣ್ಣವಿಲ್ಲ.

ಅದೇ ನಿಯಮಾವಳಿ ಕೈಗವಸು, ಬೂಟು, ಕನ್ನಡಕ, ವೈದ್ಯಕೀಯ ತಪಾಸಣೆ, ತರಬೇತಿ ಎಲ್ಲವನ್ನೂ ಹೇಳುತ್ತದೆ. ಯಾರಿಗೆ? 1968ರ ಕೀಟನಾಶಕ ಕಾಯ್ದೆಯ 38ನೇ ಕಲಮು ನೋಡಿ: ತಾನು ಸಾಗುವಳಿ ಮಾಡುವ ಜಮೀನಿನಲ್ಲಿ ಬಳಸುವವನಿಗೆ ಕಾಯ್ದೆ ಅನ್ವಯಿಸದು. ರೈತನನ್ನು ಇನ್‌ಸ್ಪೆಕ್ಟರನ ಕಾಟದಿಂದ ಉಳಿಸುವ ಸದುದ್ದೇಶವೇ ಇರಬಹುದು. ಆದರೆ ಆ ಜಮೀನಿನಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡವನು, ಮರುದಿನ ಕಸ ತೆಗೆಯುವವಳು ಕೂಲಿಯವರು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಎಣ್ಣೆ ಹೊಡೆದು ಸುಮಾರು 20 ಮಂದಿ ಸತ್ತಾಗ ಗದ್ದಲವಾಯಿತು, ತಣ್ಣಗಾಯಿತು.

ಬೆಂಗಳೂರಿನ ಇನ್‌ಸ್ಟೆಮ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ರೂಪಿಸಿದ ‘ಕಿಸಾನ್ ಕವಚ’ ಎಂಬ ರಕ್ಷಣಾ ಉಡುಪು 2024ರ ಡಿಸೆಂಬರ್‌ನಲ್ಲಿ ಬಿಡುಗಡೆಯಾಯಿತು. ತಾಗಿದ ಕೀಟನಾಶಕವನ್ನು ಬಟ್ಟೆಯೇ ಒಡೆದು ನಿರುಪದ್ರವಿ ಮಾಡುತ್ತದಂತೆ. ಒಗೆದು ಮತ್ತೆ ತೊಡಬಹುದು. ಆಗ ಬೆಲೆ ಸುಮಾರು 4,000 ರೂಪಾಯಿ. 2025ರ ಉದ್ಯೋಗ ಖಾತ್ರಿ ದರ 370 ರೂಪಾಯಿ ಹಿಡಿದರೂ 11 ದಿನದ ಕೂಲಿ. ಬದುವಿನ ಮೇಲೆ ಇದನ್ನು ಹೇಳಿದೆ. ‘ಸಾವ್ಕಾರ ಕೊಡಸ್ತಾನೇನ್ರಿ, ನಾವೇ ತಗೋಬೇಕೇನ್ರಿ?’ ಎಂದರು ಹಿರಿಯಾಕೆ. ನಾನು ಓದಿದ ಯಾವ ಕಲಮಿನಲ್ಲೂ ಅದಕ್ಕೆ ಉತ್ತರವಿರಲಿಲ್ಲ.

ಸದ್ಯಕ್ಕೆ ಆ ಗುಂಪು ಮಾಲೀಕರಿಂದ ಕೇಳಿ ಪಡೆದಿರುವುದು ಕೈ ತೊಳೆಯಲು ಒಂದು ಕೊಡ ನೀರು, ಸಾಬೂನು. ಇನ್ನೊಂದು, ಹೊಡೆದು ಮುಗಿದ ದಿನವೇ ಸೀಸೆ ಎಸೆಯಬಾರದು. ಯಾರಾದರೂ ಜೊಲ್ಲು ಸುರಿಸುತ್ತ, ಬೆವರುತ್ತ ಬಿದ್ದರೆ ಸೀಸೆಯೂ ಅವರ ಜತೆ ಆಸ್ಪತ್ರೆಗೆ ಹೋಗಬೇಕು: ಆರ್ಗನೊಫಾಸ್ಫೇಟ್ ವಿಷವಾಗಿದ್ದರೆ ಅಟ್ರೊಪಿನ್ ಕೊಡುತ್ತಾರೆ, ಬೇರೆಯದಾದರೆ ಚಿಕಿತ್ಸೆಯೂ ಬೇರೆಯಿರಬಹುದು.