ಹಗೆಯಿಂದ ಹೊಂದಿಕೆಗೆ ಒಂದು ರಾತ್ರಿ: ಹರದೇಶಿ–ನಾಗೇಶಿ ಹಾಡಕಿ

ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ ಕಡೆಯ ಹಳ್ಳಿಗಳಲ್ಲಿ ಜಾತ್ರೆ ಬಂತೆಂದರೆ ಗುಡಿಯ ಮುಂದಿನ ಬಯಲಲ್ಲಿ ಹಂದರ ಹಾಕಿ, ಎರಡು ಗೀಗೀ ಮೇಳಗಳನ್ನು ಕರೆಸಿ ಹಾಡಕಿ ಇಡಿಸುವ ರೂಢಿಯಿದೆ. ಒಂದು ಮೇಳ ಹರದೇಶಿ, ಇನ್ನೊಂದು ನಾಗೇಶಿ. ಗಂಡು ಹೆಚ್ಚು ಎನ್ನುವುದು ಹರದೇಶಿಯ ಪಕ್ಷ, ಅದರ ಬೆನ್ನಿಗೆ ಶಿವ. ಹೆಣ್ಣು ಹೆಚ್ಚು ಎನ್ನುವುದು ನಾಗೇಶಿಯ ಪಕ್ಷ, ಅದರ ಬೆನ್ನಿಗೆ ಆದಿಶಕ್ತಿ. ಊರವರ ಊಟ ಮುಗಿದ ಮೇಲೆ ಹತ್ತಿಕೊಂಡ ಜಗಳ ನಸುಕಿನವರೆಗೆ ನಡೆಯುತ್ತದೆ. ಬೆಳಕು ಹರಿಯುವ ಹೊತ್ತಿಗೆ ಅದೇ ಎರಡು ಮೇಳಗಳು ಕೂಡಿ ಮಂಗಳ ಹಾಡುತ್ತವೆ.

ಶಾಲೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಆಗದಿದ್ದ ಹುಡುಗ ಹುಡುಗಿ, ದೊಡ್ಡವರಾಗಿ ಅದೇ ಸಣ್ಣ ಊರಲ್ಲಿ ಮತ್ತೆ ಎದುರಾಗಿ, ಜಗಳಾಡುತ್ತಲೇ ಒಲಿಯುವ ಕತೆಗೆ ಕಾದಂಬರಿಯಲ್ಲೂ ಸಿನಿಮಾದಲ್ಲೂ ಇವತ್ತಿಗೂ ಬೇಡಿಕೆ ಇದೆ. 1813ರಲ್ಲಿ ಜೇನ್ ಆಸ್ಟಿನ್ ಪ್ರಕಟಿಸಿದ 'ಪ್ರೈಡ್ ಅಂಡ್ ಪ್ರೆಜುಡಿಸ್' ಈ ಬಗೆಯ ಕತೆಗಳಿಗೆ ಹಿರಿಯಕ್ಕ. ಉತ್ತರ ಕರ್ನಾಟಕದ ಹಾಡುಗಾರರು ಅದೇ ಹಗೆ–ಒಲವಿನ ದಾರಿಯನ್ನು ಬಯಲಲ್ಲಿ, ಊರ ಮಂದಿಯ ಎದುರು, ಒಂದೇ ರಾತ್ರಿಯಲ್ಲಿ ನಡೆದು ತೋರಿಸುತ್ತಾರೆ. ಇವರಿಗೂ ಒಂದು ಬಗೆಯ ಶಾಲೆಯ ಹಗೆಯೇ ಇದೆ: ಪ್ರತಿ ಹಾಡುಗಾರನೂ ಒಬ್ಬ ಗುರುವಿನ ಕೈಕೆಳಗೆ ಕಲಿತವನು, ಆ ಗುರುವಿನ ಪಕ್ಷವೇ ಅವನ ಪಕ್ಷ. ಮಹಾರಾಷ್ಟ್ರದಲ್ಲಿ ಕಲ್ಗಿ–ತುರಾ ಎಂದು ಕರೆಯುವ ಲಾವಣಿ ಪಂಗಡಗಳು ಈ ಪರಂಪರೆಯ ಬಂಧುಗಳೇ. ಕಲ್ಗಿ ಶಕ್ತಿಯ ಕಡೆ, ತುರಾ ಶಿವನ ಕಡೆ.

ಮೇಳ ಸಣ್ಣದು. ಮುಂದೆ ನಿಲ್ಲುವ ಮುಖ್ಯ ಹಾಡುಗಾರ ಅಥವಾ ಹಾಡುಗಾರ್ತಿಯ ಕೈಯಲ್ಲಿ ದಪ್ಪು ಇರುತ್ತದೆ. ಅದು ದುಂಡನೆಯ ಬಳೆಗೆ ಚರ್ಮ ಬಿಗಿದ ವಾದ್ಯ. ಥಂಡಿಗೆ ಚರ್ಮ ಸಡಿಲಾಗಿ ದನಿ ಕುಗ್ಗಿದರೆ ಬೆಂಕಿಗೆ ಹಿಡಿದು ಕಾಯಿಸಿ ಮತ್ತೆ ಬಿಗಿ ತರಿಸುತ್ತಾರೆ. ಹಿಂದೆ ನಿಂತ ಇಬ್ಬರಲ್ಲಿ ಒಬ್ಬರದು ತಾಳ, ಇನ್ನೊಬ್ಬರದು ತುಂತುಣಿ. ತುಂತುಣಿಯ ರಚನೆ ನೋಡಲು ಸರಳ: ಟೊಳ್ಳು ಕೊಳಗದಂಥ ಮರದ ತುಂಡಿನ ತಳಕ್ಕೆ ಚರ್ಮ, ಆ ಚರ್ಮದ ನಡುವಿನಿಂದ ಹೊರಟು ಪಕ್ಕದ ಕೋಲಿನ ತುದಿಗೆ ಬಿಗಿದ ಒಂದೇ ತಂತಿ. ಆ ಒಂದು ತಂತಿಯೇ ಇಡೀ ರಾತ್ರಿ ಶ್ರುತಿಯನ್ನೂ ಲಯವನ್ನೂ ಒಟ್ಟಿಗೆ ಕೊಡಬೇಕು. ಹಿಂದಿನವರ ಕೆಲಸ ಬಾರಿಸುವುದಷ್ಟೇ ಅಲ್ಲ. ಮುಂದಿನವರು ಸಾಲು ಮುಗಿಸುವಲ್ಲಿ ಅದನ್ನು ಎತ್ತಿಕೊಂಡು 'ಗೀ ಗೀ' ಎಂದು ಏರುದನಿಯಲ್ಲಿ ಎಳೆಯುತ್ತಾರೆ. ಗೀಗೀ ಪದ ಎಂಬ ಹೆಸರು ಬಂದದ್ದು ಇದರಿಂದಲೇ. ಕೇಳುವವರಿಗೆ ಅದು ಬರೀ ಸೊಲ್ಲು, ಹಾಡುವವರಿಗೆ ಉಸಿರು ತೆಗೆದುಕೊಳ್ಳಲು, ಮುಂದಿನ ಮಾತನ್ನು ನೆನೆದುಕೊಳ್ಳಲು ಸಿಗುವ ಬಿಡುವು.

ಮೊದಲಿಗೆ ದೇವರ ಸ್ತುತಿ, ಗುರುವಿನ ಸ್ತುತಿ, ಕೂಡಿದ ದೈವಕ್ಕೆ, ಅಂದರೆ ನೆರೆದ ಸಭೆಗೆ, ಶರಣು. ಆಮೇಲೆ ವಾದ. ಹಾಡಿಗೆ ಒಂದು ಪಲ್ಲ, ಅಂದರೆ ಮತ್ತೆ ಮತ್ತೆ ಮರಳುವ ಸಾಲು. ಪಲ್ಲದ ನಂತರ ನುಡಿಗಳು. ನುಡಿಯ ನಡುವೆ ಧಾಟಿ ಬದಲಾಗಿ ನಡೆ ಚುರುಕಾಗುತ್ತದೆ, ಆ ಭಾಗವನ್ನು ಚಾಲ ಎನ್ನುತ್ತಾರೆ. ಕೊನೆಯ ನುಡಿಯಲ್ಲಿ ಕಟ್ಟಿದ ಕವಿಯ ಅಂಕಿತ: ಅವನ ಊರು, ಗುರು, ದೈವ. ಹಾಗಾಗಿ ಕವಿ ಸತ್ತು ಎಷ್ಟೋ ವರ್ಷವಾದರೂ ಅವನ ಊರಿನ ಹೆಸರು ಬೇರೆ ಊರಿನ ಜಾತ್ರೆಯಲ್ಲಿ ಕೇಳಿಸುತ್ತದೆ.

ವಾದದ ನಡೆಯಲ್ಲೇ ಈ ವಿದ್ಯೆಯ ಸತ್ವವಿದೆ. ನವಲಗುಂದದ ಸೀಮೆಯಾದ್ದರಿಂದ ಕಾಮನ ಕತೆಯನ್ನೇ ತೆಗೆದುಕೊಂಡು ನೋಡಬಹುದು. ಹೋಳಿಯ ಹೊತ್ತಿಗೆ ಅಲ್ಲಿನ ರಾಮಲಿಂಗ ಕಾಮಣ್ಣನಿಗೆ ಹರಕೆ ಹೊರಲು ದೂರದೂರದ ಮಂದಿ ಬರುತ್ತಾರೆ. ಹರದೇಶಿಯವನು ಶಿವನ ಹೆಚ್ಚುಗಾರಿಕೆ ಹಾಡುತ್ತ, ಮೂರು ಲೋಕವನ್ನು ಕುಣಿಸಿದ ಕಾಮನನ್ನು ಒಂದು ನೋಟಕ್ಕೆ ಬೂದಿ ಮಾಡಿದವ ನಮ್ಮವನು ಎನ್ನಬಹುದು. ನಾಗೇಶಿಯವಳು ಈ ಕತೆಯನ್ನು ಸುಳ್ಳು ಎನ್ನುವಂತಿಲ್ಲ. ಅದೇ ಕತೆಯನ್ನು ಮುಂದಕ್ಕೆ ಒಯ್ದು ಗೆಲ್ಲಬೇಕು: ಕಾಮನನ್ನು ಸುಟ್ಟವ ಗಿರಿಜೆಯ ತಪಸ್ಸಿಗೆ ಯಾಕೆ ಸೋತ? ವಟುವಿನ ವೇಷ ಹಾಕಿ ಬಂದು ಅವಳೆದುರು ತನ್ನನ್ನು ತಾನೇ ಹಳಿದುಕೊಂಡವ ಕೊನೆಗೆ ಅವಳ ಕೈ ಹಿಡಿದದ್ದು ಯಾಕೆ? ಸಭೆ ಸಿಳ್ಳೆ ಹೊಡೆಯುತ್ತದೆ. ಹರದೇಶಿಯವನು ಈಗ ಗಿರಿಜೆಯನ್ನು ಬಿಟ್ಟು ಬೇರೆಡೆ ಜಿಗಿದರೆ ಸೋತಂತೆ. ಅವಳು ತಪಸ್ಸು ಮಾಡಿದ್ದು ಯಾರಿಗಾಗಿ ಎಂದು ಅವನು ತಿರುಗಿ ಕೇಳಬೇಕು.

ಹೀಗೆ ಪ್ರತಿ ಸವಾಲಿಗೂ ಅದರೊಳಗಿನಿಂದಲೇ ಜವಾಬು ಹುಟ್ಟಬೇಕು. ಬೀಜ ದೊಡ್ಡದೋ ನೆಲ ದೊಡ್ಡದೋ ಎಂಬ ಹಳೆಯ ಪ್ರಶ್ನೆ ಬರುತ್ತದೆ. ರೇಣುಕೆ, ದ್ರೌಪದಿ, ತಾರಾಮತಿ ಬರುತ್ತಾರೆ. ನಡುವೆ ಒಡಪು, ಅಂದರೆ ಒಗಟು, ಹಾಕಿ ಎದುರಾಳಿಯ ಓದನ್ನು ಪರೀಕ್ಷಿಸುವುದೂ ಉಂಟು. ಇದಕ್ಕೆ ಶಿವಪುರಾಣ, ಭಾರತ ಬಾಯಲ್ಲಿರಬೇಕು, ನವರಾತ್ರಿಯಲ್ಲಿ ಈ ಕಡೆ ಓದಿಸುವ ಚಿದಾನಂದಾವಧೂತರ ದೇವೀಪುರಾಣವೂ ತಿಳಿದಿರಬೇಕು. ನೂರಾರು ಪದ ನೆನಪಿನಲ್ಲಿಟ್ಟುಕೊಂಡವರಿಗೂ ಅಷ್ಟೇ ಸಾಲದು. ಯಾವ ಗಳಿಗೆಗೆ ಯಾವ ಪದ ಎತ್ತಬೇಕು ಎನ್ನುವುದು ಎದುರಿನವರ ಹಾಡಿನ ಮೇಲೆ ನಿಂತಿರುತ್ತದೆ. ಆದ್ದರಿಂದ ತನ್ನ ಸರತಿ ಇಲ್ಲದಾಗಲೂ ಹಾಡುಗಾರ ವಿಶ್ರಮಿಸುವುದಿಲ್ಲ. ಎದುರಿನವರ ಒಂದೊಂದು ಸಾಲು, ಒಂದೊಂದು ತಡವರಿಕೆ, ಬಿಟ್ಟುಹೋದ ಒಂದು ಹೆಸರು, ಎಲ್ಲವನ್ನೂ ಕಿವಿಗೊಟ್ಟು ಹಿಡಿಯುತ್ತಾನೆ. ಆ ರಾತ್ರಿ ಇಡೀ ಊರಲ್ಲಿ ನಾಗೇಶಿಯವಳ ಮಾತನ್ನು ಅತಿ ಗಮನದಿಂದ ಕೇಳುವವನು ಅವಳ ವೈರಿಯೇ. ಹಗೆ ಒಲವಾಗುವುದು ಸಾಧ್ಯವೆಂದು ಕೇಳುಗರಿಗೆ ಅನ್ನಿಸುವುದು ಇದರಿಂದ ಎಂದು ನನ್ನ ನಂಬಿಕೆ.

ಮಾತು ಬಿರುಸಾಗುತ್ತದೆ, ಮೂದಲಿಕೆಯೂ ಬರುತ್ತದೆ. ಆದರೆ ಅದು ಪಕ್ಷದ ಮೇಲೆ, ಪಾತ್ರದ ಮೇಲೆ. ಚೆನ್ನಾಗಿ ಹಾಡಿದವರಿಗೆ ಕೇಳುಗರು ಎದ್ದು ಬಂದು ಆಹೇರಿ ಮಾಡುತ್ತಾರೆ. ನೋಟು ಕೊಟ್ಟು, ಟವೆಲ್ ಹೊದಿಸಿ ಮೆಚ್ಚುಗೆ ತೋರಿಸುವ ಪದ್ಧತಿ ಅದು. ಒಮ್ಮೊಮ್ಮೆ ಈ ಪಕ್ಷದ ಅಭಿಮಾನಿಯೇ ಆ ಪಕ್ಷಕ್ಕೂ ಆಹೇರಿ ಮಾಡುತ್ತಾನೆ.

ನಸುಕಿನಲ್ಲಿ ಧಾಟಿ ಇಳಿಯುತ್ತದೆ. ಶಿವನಿಲ್ಲದೆ ಶಕ್ತಿಯಿಲ್ಲ, ಶಕ್ತಿಯಿಲ್ಲದೆ ಶಿವನಿಲ್ಲ ಎಂಬಲ್ಲಿಗೆ ವಾದ ಬಂದು ನಿಲ್ಲುತ್ತದೆ. ಅರ್ಧನಾರೀಶ್ವರನ ಸಾಕ್ಷಿ ಇಬ್ಬರಿಗೂ ಒಪ್ಪಿಗೆ. ಈ ರಾಜಿಯನ್ನು ಮೊದಲ ತಾಸಿನಲ್ಲೇ ಹೇಳಿಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಇಬ್ಬರೂ ತಮ್ಮಲ್ಲಿದ್ದ ಅಸ್ತ್ರವನ್ನೆಲ್ಲ ಖರ್ಚು ಮಾಡಿ, ಸೋಲದೆ ಸೋಲಿಸದೆ ಅಲ್ಲಿಗೆ ಬಂದದ್ದಕ್ಕೆ ಆ ಮಾತಿಗೆ ತೂಕ.

ಈ ವಿದ್ಯೆಯನ್ನು ಬರೆದಿಡುವ ಕೆಲಸಕ್ಕೆ ವಿಜಯಪುರ ಜಿಲ್ಲೆಯ ಹಲಸಂಗಿ ಗೆಳೆಯರು ಎಂಬ ಬಳಗದವರು ಮೊದಲೇ ಕೈಹಾಕಿದರು. ಅವರ ಲಾವಣಿ ಸಂಗ್ರಹ 'ಜೀವನ ಸಂಗೀತ' ಬಂದದ್ದು 1933ರಲ್ಲಿ. ಸ್ವಾತಂತ್ರ್ಯ ಚಳವಳಿಯ ಕಾಲಕ್ಕೆ ಹುಲಕುಂದದ ಭೀಮಕವಿಯಂಥವರು ಇದೇ ಗೀಗೀ ಧಾಟಿಯನ್ನು ಬ್ರಿಟಿಷರ ವಿರುದ್ಧ ತಿರುಗಿಸಿದರು. ಇಂದು ಕಲಘಟಗಿ, ಕುಂದಗೋಳದವರಿಗೆ ಹತ್ತಿರದಲ್ಲೇ, ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ, ಜಾನಪದ ವಿಶ್ವವಿದ್ಯಾಲಯವಿದೆ. ಆದರೆ ಪುಸ್ತಕದಲ್ಲಿ ಉಳಿಯುವುದು ಪದ ಮಾತ್ರ. ಸವಾಲು ಬಿದ್ದ ಗಳಿಗೆಯಲ್ಲಿ ಜವಾಬು ಹುಡುಕುವ ಚುರುಕು ಬಯಲಲ್ಲೇ ಕಲಿಯಬೇಕು, ಅದಕ್ಕೆ ಕೂತು ಕೇಳುವ ಮಂದಿ ಬೇಕು.

ಮುಂದಿನ ಜಾತ್ರೆಯ ಕರಪತ್ರದಲ್ಲಿ ಹರದೇಶಿ–ನಾಗೇಶಿ ಎಂಬ ಹೆಸರು ಕಂಡರೆ ಕಂಬಳಿ ಹೊದ್ದು ಹೋಗಿ. ಅರ್ಧ ರಾತ್ರಿಗೆ ಎದ್ದು ಬರಬೇಡಿ, ಮಂಗಳದವರೆಗೆ ಕೇಳಿ. ನಿಮ್ಮ ಪಕ್ಷ ಯಾವುದೇ ಇರಲಿ, ಎರಡೂ ಮೇಳಕ್ಕೆ ಆಹೇರಿ ಮಾಡಿ ಬನ್ನಿ.