ಕೊಂಡದ್ದು ಯಂತ್ರ, ದೊರೆತದ್ದು ಅಪ್ಪಣೆ

೨೦೨೫ನೆಯ ಇಸವಿ ಅಕ್ಟೋಬರ್ ೧೪ರಂದು ಲೋಕದ ಕೋಟ್ಯಂತರ ಗಣಕಯಂತ್ರಗಳಲ್ಲಿ ಹೊರಗಣ್ಣಿಗೆ ಕಾಣುವಂತಹ ಬದಲಾವಣೆ ಏನೂ ಆಗಲಿಲ್ಲ. ಗುಂಡಿಯನ್ನು ಒತ್ತಿದೊಡನೆ ಪರದೆ ಬೆಳಗಿತು. ಮಕ್ಕಳ ಪಾಠ, ಮನೆಯ ಲೆಕ್ಕ, ಪರದೇಶದಲ್ಲಿರುವ ಮಗಳೊಡನೆ ಮಾತುಕತೆ ಎಲ್ಲವೂ ಎಂದಿನಂತೆಯೇ ನಡೆದವು. ಆದರೆ ಆ ದಿನ ಒಂದು ಋಣ ಹರಿಯಿತು. ವಿಂಡೋಸ್ ೧೦ ಎಂಬ ಕಾರ್ಯಾಚರಣ ವ್ಯವಸ್ಥೆಗೆ ಅದನ್ನು ನಿರ್ಮಿಸಿದ ಮೈಕ್ರೋಸಾಫ್ಟ್ ಕಂಪೆನಿಯವರು ಹತ್ತು ವರ್ಷಗಳ ಕಾಲ ಧರ್ಮಾರ್ಥವಾಗಿ ಕಳುಹಿಸುತ್ತಿದ್ದ ರಕ್ಷಣೆಯ ತೇಪೆಗಳನ್ನು ಅಂದಿಗೆ ನಿಲ್ಲಿಸಿದರು. "ಯಂತ್ರಕ್ಕೆ ಏನೂ ಕೆಟ್ಟಿಲ್ಲವಲ್ಲ, ಏತಕ್ಕೆ ಬದಲಾಯಿಸಬೇಕು?" ಎಂಬ ಪ್ರಶ್ನೆ ಅಂದಿನಿಂದ ಅನೇಕ ಮನೆಗಳಲ್ಲಿ ಎದ್ದಿದೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರವನ್ನು ಹುಡುಕಬೇಕಾದದ್ದು, ನಾವಾರೂ ಓದದೆಯೇ "ಒಪ್ಪಿದ್ದೇನೆ" ಎಂದು ಗುಂಡಿಯೊತ್ತಿದ ಆ ಕರಾರುಪತ್ರದಲ್ಲಿ.

ಮೊದಲು ಈ ಕಾರ್ಯಾಚರಣ ವ್ಯವಸ್ಥೆ ಎಂದರೇನೆಂಬುದನ್ನು ನೋಡೋಣ. ಕೂಡುಕುಟುಂಬದ ಯಜಮಾನನನ್ನು ನೆನೆದುಕೊಂಡರೆ ಸಾಕು. ಯಾರಿಗೆ ಯಾವ ಕೋಣೆ, ಯಾರು ಯಾವ ಹೊತ್ತಿನಲ್ಲಿ ಯಾವ ಪಾತ್ರೆಯನ್ನು ಬಳಸಬೇಕು, ಹೊಸಬರು ಬಂದರೆ ಬಾಗಿಲು ತೆರೆಯಬೇಕೆ ಬೇಡವೆ ಎಂಬುದನ್ನೆಲ್ಲ ನಿರ್ಣಯಿಸುವವನು ಅವನು. ನಾವು ಬಳಸುವ ತಂತ್ರಾಂಶಗಳೆಲ್ಲ ಅವನ ಮಾತಿನಂತೆ ನಡೆಯಬೇಕು. ಈ ಯಜಮಾನನ ಕಟ್ಟಳೆಗಳು ಕೋಟಿಗಟ್ಟಲೆ ಸಾಲುಗಳಲ್ಲಿ ಬರೆಯಲ್ಪಟ್ಟಿವೆ. ಇಷ್ಟು ದೊಡ್ಡ ಬರವಣಿಗೆಯಲ್ಲಿ ತಪ್ಪುಗಳು ಉಳಿಯದೆ ಇರುವುದು ಮನುಷ್ಯಮಾತ್ರರಿಗೆ ಸಾಧ್ಯವಿಲ್ಲ. ಕಳ್ಳರು ಹುಡುಕುವುದು ಆ ತಪ್ಪುಗಳನ್ನೇ; ಕಂಪೆನಿಯವರು ತಿಂಗಳಿಗೊಮ್ಮೆ ತೇಪೆ ಹಚ್ಚುವುದೂ ಅವುಗಳಿಗೇ.

ತೇಪೆ ಇಲ್ಲದಿದ್ದರೆ ಏನಾಗುವುದೆಂಬುದನ್ನು ೨೦೧೭ರ ಮೇ ತಿಂಗಳಲ್ಲಿ ಜಗತ್ತು ಕಂಡಿತು. 'ವನ್ನಾಕ್ರೈ' ಎಂಬ ದುಷ್ಟ ತಂತ್ರಾಂಶವು ಯಂತ್ರದಿಂದ ಯಂತ್ರಕ್ಕೆ ತಾನೇ ಹರಡುತ್ತ, ಒಳಗಿನ ಕಡತಗಳಿಗೆ ಬೀಗ ಜಡಿದು, ಹಣ ತೆತ್ತರೆ ಬಿಡಿಸುವೆನೆಂದು ಹೆದರಿಸತೊಡಗಿತು. ಇಂಗ್ಲೆಂಡಿನ ಸರಕಾರಿ ಆರೋಗ್ಯ ಸೇವೆಯ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ಆ ರಂಧ್ರಕ್ಕೆ ಬೇಕಾದ ತೇಪೆಯು ಎರಡು ತಿಂಗಳ ಹಿಂದೆ, ಮಾರ್ಚಿಯಲ್ಲಿಯೇ, ಹೊರಬಿದ್ದಿತ್ತು! ಹಚ್ಚಿಕೊಂಡಿದ್ದವರು ಪಾರಾದರು. ೨೦೧೪ರಲ್ಲಿಯೇ ಕಾಲ ಮುಗಿದಿದ್ದ ವಿಂಡೋಸ್ ಎಕ್ಸ್‌ಪಿಗೂ ಆಗ ವಿಶೇಷ ಕರುಣೆಯಿಂದ ಒಂದು ತೇಪೆಯನ್ನು ಕೊಟ್ಟರು; ಆದರೆ ಅಂತಹ ಕರುಣೆಯನ್ನು ನೆಚ್ಚಿಕೊಂಡು ಬ್ಯಾಂಕಿನ ವ್ಯವಹಾರ ನಡೆಸುವುದು ಜಾಣತನವಲ್ಲ.

ವಿಂಡೋಸ್ ೧೦ ಹೊರಬಂದದ್ದು ೨೦೧೫ರ ಜುಲೈ ೨೯ರಂದು. ವಿಂಡೋಸ್ ೭ ಮತ್ತು ೮.೧ ಇದ್ದವರಿಗೆ ಒಂದು ವರ್ಷದವರೆಗೆ ಅದನ್ನು ಬಿಟ್ಟಿಯಾಗಿ ನೀಡಿದರು. ಗಡುವು ಮುಗಿದ ಬಳಿಕವೂ ಹಳೆಯ ಕೀಲಿಸಂಖ್ಯೆಗಳು ವರ್ಷಗಟ್ಟಲೆ ಸದ್ದಿಲ್ಲದೆ ನಡೆಯುತ್ತಿದ್ದವು. ೨೦೨೩ರ ಸೆಪ್ಟೆಂಬರಿನಲ್ಲಿ ಆ ಹಿತ್ತಿಲ ಬಾಗಿಲನ್ನು ಮುಚ್ಚಿದರು. ಇದೇ ವಿಂಡೋಸಿನ ಕೊನೆಯ ಆವೃತ್ತಿ, ಇನ್ನು ಮುಂದೆ ಇದನ್ನೇ ತಿದ್ದುತ್ತ ಹೋಗುವುದು ಎಂದು ಆ ಕಂಪೆನಿಯ ಉದ್ಯೋಗಿಯೊಬ್ಬರು ೨೦೧೫ರ ಒಂದು ಸಮ್ಮೇಳನದಲ್ಲಿ ಹೇಳಿದ್ದುಂಟು. ಜನ ಅದನ್ನು ವಾಗ್ದಾನವೆಂದೇ ತಿಳಿದರು. ಆರು ವರ್ಷ ಕಳೆಯಿತು. ೨೦೨೧ರ ಅಕ್ಟೋಬರ್ ೫ರಂದು ವಿಂಡೋಸ್ ೧೧ ಬಂದಿತು.

ಹೊಸದೂ ಬಿಟ್ಟಿಯೇ, ಆದರೆ ಈ ಸಲ ಅರ್ಹತೆಯ ಪರೀಕ್ಷೆಯೊಂದನ್ನು ಇಟ್ಟರು. ನಾಲ್ಕು ಜಿ.ಬಿ. ಸ್ಮರಣೆ, ಅರುವತ್ತನಾಲ್ಕು ಜಿ.ಬಿ. ಸಂಗ್ರಹ ಎಂಬವು ಯಾರಿಗೂ ಭಾರವಲ್ಲ. ಕಷ್ಟವಿರುವುದು ಎರಡು ಕಡೆ. ಒಂದು, ಟಿ.ಪಿ.ಎಂ. ೨.೦ ಎಂಬ ರಕ್ಷಣಾ ಸಾಧನ ಇರಬೇಕು. ಇದು ಗೋಡೆಯೊಳಗೆ ಹುದುಗಿಸಿದ ತಿಜೋರಿಯಂತೆ. ಕಡತಗಳ ಬೀಗದ ಕೈಗಳನ್ನು ಉಳಿದ ಭಾಗಗಳಿಗೆ ಎಟುಕದಂತೆ ಕಾಪಾಡುತ್ತದೆ. ಎಷ್ಟೋ ಯಂತ್ರಗಳಲ್ಲಿ ಇದು ಇದ್ದೂ ನಿದ್ರಿಸುತ್ತಿರುತ್ತದೆ, ಬಯಾಸ್ ಎಂಬ ಒಳಪುಟದಲ್ಲಿ ಎಚ್ಚರಿಸಿದರೆ ಸಾಕು. ಎರಡನೆಯದಕ್ಕೆ ಮದ್ದಿಲ್ಲ: ಇಂಟೆಲ್ ಸಂಸ್ಥೆಯ ಸಂಸ್ಕಾರಕವಾದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯದು ಅಥವಾ ಮುಂದಿನದು ಇರಬೇಕು. ಆ ಪೀಳಿಗೆ ಮಾರುಕಟ್ಟೆಗೆ ಬಂದದ್ದು ೨೦೧೭ರಲ್ಲಿ. ಆದುದರಿಂದ ೨೦೧೬ರಲ್ಲಿ ಕೊಂಡು, ಅಕ್ಕರೆಯಿಂದ ಧೂಳು ಒರೆಸಿ, ಇಂದಿಗೂ ಚೆನ್ನಾಗಿ ಓಡುತ್ತಿರುವ ಯಂತ್ರಕ್ಕೆ ಕಂಪೆನಿಯ ಲೆಕ್ಕದಲ್ಲಿ ಹೊಸ ಮನೆಯೊಳಗೆ ಪ್ರವೇಶವಿಲ್ಲ. ರಕ್ಷಣೆಯ ದೃಷ್ಟಿಯಿಂದ ಈ ನಿಯಮಕ್ಕೆ ಕಾರಣವಿದೆ. ಒಂದು ಮಧ್ಯಮವರ್ಗದ ಸಂಸಾರ ತಿಂಗಳ ಸಂಬಳದಲ್ಲಿ ಉಳಿಸಿ ಕೊಂಡ ವಸ್ತುವಿನ ದೃಷ್ಟಿಯಿಂದ ಇದು ನಿಷ್ಠುರವಾದದ್ದೇ ಸರಿ.

ಈಗ ಕರಾರುಪತ್ರಕ್ಕೆ ಬರೋಣ. ಅಂಗಡಿಯಲ್ಲಿ ಹಣ ತೆತ್ತು ತಂದದ್ದರಲ್ಲಿ ಲೋಹ, ಗಾಜು, ತಂತಿಗಳು ನಮ್ಮ ಸ್ವತ್ತು. ವಿಂಡೋಸ್ ಮಾತ್ರ ನಮ್ಮ ಸ್ವತ್ತಲ್ಲ; ಅದನ್ನು ಮಾರುವುದಿಲ್ಲ, ಬಳಸಲು ಪರವಾನಗಿ ಕೊಡುತ್ತೇವೆ ಎಂದು ಕರಾರು ಸ್ಪಷ್ಟವಾಗಿ ಹೇಳುತ್ತದೆ. ಈ ಪರವಾನಗಿಯಲ್ಲಿಯೂ ಎರಡು ಬಗೆ. ತಯಾರಕರೇ ತುಂಬಿಸಿ ಕಳುಹಿಸಿದ್ದು ಓ.ಇ.ಎಂ. ಪರವಾನಗಿ. ತೋಟವನ್ನು ಮಾರಿದಾಗ ಅದರ ಬಾವಿಯ ನೀರಿನ ಹಕ್ಕು ತೋಟದೊಡನೆಯೇ ಹೋಗುವಂತೆ, ಈ ಪರವಾನಗಿ ಯಂತ್ರದೊಡನೆಯೇ ಹೋಗುತ್ತದೆ. ಯಂತ್ರವನ್ನು ತಮ್ಮನಿಗೆ ಕೊಟ್ಟರೆ ಅವನಿಗೆ ಸೇರುತ್ತದೆ; ಯಂತ್ರ ಗುಜರಿಗೆ ಹೋದರೆ ಪರವಾನಗಿಯೂ ಸಹಗಮನ ಮಾಡುತ್ತದೆ. ಬೇರೆಯಾಗಿ ಬೆಲೆ ತೆತ್ತು ಕೊಂಡದ್ದು ರೀಟೇಲ್ ಪರವಾನಗಿ. ಇದು ಬಾಡಿಗೆದಾರರ ಮಂಚದಂತೆ. ಒಂದು ಮನೆ ಬಿಟ್ಟು ಇನ್ನೊಂದಕ್ಕೆ ಕೊಂಡೊಯ್ಯಬಹುದು, ಏಕಕಾಲಕ್ಕೆ ಎರಡು ಮನೆಯಲ್ಲಿ ಹಾಸುವಂತಿಲ್ಲ. ಹೆಚ್ಚಿನ ಬೆಲೆಗೆ ಇದೇ ಕಾರಣ.

ಸ್ಮರಣೆ ಹೆಚ್ಚಿಸಿದರೆ, ಹಳೆಯ ಹಾರ್ಡ್ ಡಿಸ್ಕಿನ ಬದಲು ವೇಗದ ಎಸ್.ಎಸ್.ಡಿ. ಹಾಕಿಸಿದರೆ ಪರವಾನಗಿಗೆ ಧಕ್ಕೆಯಿಲ್ಲ. ಮದರ್‌ಬೋರ್ಡನ್ನು ಬದಲಿಸಿದಾಗ ಮಾತ್ರ ಕಂಪೆನಿಯ ಕಣ್ಣಿಗೆ ಅದು ಬೇರೆ ಯಂತ್ರವಾಗಿ ಕಾಣುತ್ತದೆ. ವಿಂಡೋಸ್ ೮ರ ಕಾಲದಿಂದ ತಯಾರಕರು ಇಪ್ಪತ್ತೈದು ಅಕ್ಷರಗಳ ಕೀಲಿಸಂಖ್ಯೆಯನ್ನು ಆ ಬೋರ್ಡಿನ ಚಿಪ್ಪಿನಲ್ಲಿಯೇ ಬರೆದಿಡುತ್ತಾರೆ. ವಿಂಡೋಸ್ ೧೦ರಿಂದ ಈಚೆಗೆ ಯಂತ್ರದ ಚಹರೆಯನ್ನು ಕಂಪೆನಿಯ ದಫ್ತರದಲ್ಲಿಯೂ ದಾಖಲಿಸುವ ಪದ್ಧತಿ ಬಂದಿದೆ. ಆದುದರಿಂದ ಅದೇ ಯಂತ್ರಕ್ಕೆ ಅದೇ ದರ್ಜೆಯ ವಿಂಡೋಸನ್ನು ಮತ್ತೆ ತುಂಬಿಸುವಾಗಲಾಗಲಿ, ಅರ್ಹವಾದ ಯಂತ್ರವನ್ನು ೧೦ರಿಂದ ೧೧ಕ್ಕೆ ಏರಿಸುವಾಗಲಾಗಲಿ ಹೊಸ ಕೀಲಿ ಬೇಕಿಲ್ಲ. ಹೋಮ್ ಇದ್ದದ್ದು ಹೋಮ್ ಆಗಿಯೇ, ಪ್ರೊ ಇದ್ದದ್ದು ಪ್ರೊ ಆಗಿಯೇ ಮುಂದುವರಿಯುತ್ತದೆ. ರಿಪೇರಿಯವರು ಪರವಾನಗಿಗೆಂದು ಬೇರೆ ಹಣ ಕೇಳಿದರೆ ಗೃಹಿಣಿಯರು ಈ ಮಾತನ್ನು ಧೈರ್ಯವಾಗಿ ಆಡಬಹುದು.

ಅಂತರಜಾಲದ ಅಂಗಡಿಗಳಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ಕೀಲಿಗಳ ವಿಷಯ ಬೇರೆ. ಅವುಗಳಲ್ಲಿ ಹಲವು ದೊಡ್ಡ ಕಚೇರಿಗಳಿಗೆಂದು ಸಗಟಾಗಿ ಕೊಟ್ಟ ಪರವಾನಗಿಯಿಂದ ಜಾರಿಬಂದವು. ಇಂದು ನಡೆದರೂ ನಾಳೆ ರದ್ದಾಗಬಹುದು. ಇನ್ನು "ಕ್ರ್ಯಾಕ್" ಮಾಡಿ ತುಂಬಿಸುವ ಚಟವಂತೂ ಕಳ್ಳನ ಕೈಯಲ್ಲಿಯೇ ಬೀಗ ಮಾಡಿಸಿಕೊಂಡಂತೆ. ನಮ್ಮ ೧೯೫೭ರ ಕೃತಿಸ್ವಾಮ್ಯ ಅಧಿನಿಯಮದ ೬೩ಬಿ ಪ್ರಕರಣದಲ್ಲಿ, ಕಳ್ಳಪ್ರತಿಯೆಂದು ತಿಳಿದೂ ಬಳಸಿದವರಿಗೆ ಏಳು ದಿನಕ್ಕೆ ಕಡಿಮೆಯಿಲ್ಲದೆ ಮೂರು ವರ್ಷದವರೆಗೆ ಸೆರೆವಾಸವನ್ನೂ, ೫೦,೦೦೦ದಿಂದ ೨ ಲಕ್ಷ ರೂಪಾಯಿವರೆಗೆ ದಂಡವನ್ನೂ ವಿಧಿಸಲು ಅವಕಾಶವಿದೆ. ಲಾಭಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸದಿದ್ದಲ್ಲಿ ನ್ಯಾಯಾಲಯ ಸೆರೆಯನ್ನು ಮನ್ನಿಸಬಹುದು. ನ್ಯಾಯವಾಗಿ ಪಡೆದ ತಂತ್ರಾಂಶದ ಪ್ರತಿಯೊಂದನ್ನು ಆಪತ್ಕಾಲಕ್ಕೆಂದು ತೆಗೆದಿಡುವ ಹಕ್ಕನ್ನೂ ಇದೇ ಕಾನೂನು ಕೊಟ್ಟಿದೆ.

ಇಷ್ಟೆಲ್ಲ ಪಾಡುಪಟ್ಟು ಹೊಸದಕ್ಕೆ ಹೋದರೆ ದೊರೆಯುವುದೇನು? ಕಿಟಕಿಗಳನ್ನು ಪರದೆಯ ಮೇಲೆ ಅಚ್ಚುಕಟ್ಟಾಗಿ ಜೋಡಿಸುವ ಸೌಕರ್ಯ ನಿಜಕ್ಕೂ ಉಪಯುಕ್ತ. ಕೆಳಪಟ್ಟಿಯ ಚಿಹ್ನೆಗಳು ನಡುವಿಗೆ ಸರಿದಿರುವುದರಿಂದ ಯಾರ ಬಾಳೂ ಹಸನಾಗದು. ಮುಂಗಡವಾಗಿ ಸಾರಿದ ಸೌಲಭ್ಯಗಳನ್ನು ನಂಬುವ ಮುನ್ನ ಎರಡು ಉದಾಹರಣೆಗಳನ್ನು ನೆನೆಯುವುದು ಲೇಸು. ಮೊಬೈಲಿನ ಆಂಡ್ರಾಯ್ಡ್ ಆಪುಗಳೆಲ್ಲ ಇನ್ನು ಗಣಕಯಂತ್ರದಲ್ಲಿಯೇ ನಡೆಯುವುವೆಂದು ೨೦೨೧ರಲ್ಲಿ ಬಹಳ ಸಂಭ್ರಮದಿಂದ ಸಾರಿದರು. ೨೦೨೫ರ ಮಾರ್ಚ್ ೫ರಂದು ಆ ಸೌಲಭ್ಯವನ್ನು ಹಿಂತೆಗೆದುಕೊಂಡರು. ೨೦೨೪ರ ಮೇ ತಿಂಗಳಲ್ಲಿ 'ರೀಕಾಲ್' ಎಂಬುದನ್ನು ಪ್ರಕಟಿಸಿದರು. ಪರದೆಯ ಚಿತ್ರಗಳನ್ನು ಆಗಿಂದಾಗ್ಗೆ ತೆಗೆದಿಟ್ಟುಕೊಂಡು, ಮರೆತದ್ದನ್ನು ಹುಡುಕಿಕೊಡುವ ವಿದ್ಯೆ ಇದು. ನಮ್ಮ ಗುಟ್ಟುಗಳೆಲ್ಲ ಒಂದೆಡೆ ರಾಶಿ ಬೀಳುವುದಲ್ಲ ಎಂದು ತಜ್ಞರು ಬೊಬ್ಬೆಯಿಟ್ಟರು. ಕಂಪೆನಿ ಅದನ್ನು ತಡೆಹಿಡಿದು ತಿದ್ದಿ, ೨೦೨೫ರ ಏಪ್ರಿಲಿನಲ್ಲಿ, ಬೇಕೆಂದವರಿಗೆ ಮಾತ್ರವೆಂದು ಬಿಡುಗಡೆ ಮಾಡಿತು. ಅದೂ ಹದಿನಾರು ಜಿ.ಬಿ. ಸ್ಮರಣೆಯುಳ್ಳ ವಿಶೇಷ ಯಂತ್ರಗಳಲ್ಲಿ ಮಾತ್ರ.

ಅರ್ಹತೆಯಿಲ್ಲದ ಯಂತ್ರಗಳಿಗೆ ಕಂಪೆನಿಯೇ ತೋರಿದ ದಾರಿಯೆಂದರೆ ೨೦೨೬ರ ಅಕ್ಟೋಬರ್ ೧೩ರವರೆಗೆ ತೇಪೆಗಳ ವಾಯಿದೆ. ೩೦ ಡಾಲರ್ ತೆರಬಹುದು, ಇಲ್ಲವೆ ಕಂಪೆನಿಯ ಖಾತೆಯೊಂದನ್ನು ತೆರೆದು ಯಂತ್ರದ ಸೆಟ್ಟಿಂಗುಗಳನ್ನು ಅದಕ್ಕೆ ಒಪ್ಪಿಸಿದರೆ ಹಣವಿಲ್ಲ ಎಂದು ೨೦೨೫ರಲ್ಲಿ ಪ್ರಕಟಿಸಿದರು. ಗ್ರಾಹಕ ಸಂಘಗಳ ಒತ್ತಾಯದಿಂದ ಯೂರೋಪಿನವರಿಗೆ ಷರತ್ತನ್ನು ಇನ್ನಷ್ಟು ಸಡಿಲಿಸಿದರು. ಆ ಔದಾರ್ಯ ಅಲ್ಲಿಗೇ ನಿಂತಿತು.

ಇನ್ನೊಂದು ದಾರಿ ಲಿನಕ್ಸ್. ೧೯೯೧ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ಆರಂಭಿಸಿದ ಇದರ ಪರವಾನಗಿಯ ಧರ್ಮವೇ ಬೇರೆ: ಪ್ರತಿ ಮಾಡಿ ಹಂಚಬಹುದು, ಒಳಗನ್ನು ಬಿಚ್ಚಿ ನೋಡಬಹುದು, ತಿದ್ದಬಹುದು. ಕೇರಳದ ಸರಕಾರಿ ಶಾಲೆಗಳ ಮಕ್ಕಳು ಇದರಲ್ಲಿಯೇ ಕಲಿಯುತ್ತಾರೆ. ಪತ್ರ ಬರೆಯಲು, ಚಲನಚಿತ್ರ ನೋಡಲು, ಅಂತರಜಾಲಕ್ಕೆ ಹಳೆಯ ಯಂತ್ರದ ಮೇಲೆ ಉಬುಂಟು, ಮಿಂಟ್ ಮೊದಲಾದವು ಧಾರಾಳವಾಗಿ ಸಾಕು. ಅಂಗಡಿಯ ಲೆಕ್ಕವನ್ನು ಟ್ಯಾಲಿಯಲ್ಲಿ ಬರೆಯುವವರು ಮಾತ್ರ ವಿಂಡೋಸನ್ನು ಸುಲಭವಾಗಿ ಬಿಡಲಾರರು.

ಯಾವ ದಾರಿ ಹಿಡಿದರೂ ಕೈಹಾಕುವ ಮುನ್ನ ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿಡಬೇಕೆಂಬುದನ್ನು ಎಲ್ಲರೂ ಹೇಳುವರು. ಅಷ್ಟಾಗಿ ಯಾರೂ ಹೇಳದ ಮಾತೊಂದಿದೆ. ಈಚಿನ ವಿಂಡೋಸ್ ೧೧ನ್ನು ಹೊಸದಾಗಿ ತುಂಬಿಸಿ ಕಂಪೆನಿಯ ಖಾತೆಯಿಂದ ಒಳಹೊಕ್ಕರೆ, ಅನೇಕ ಯಂತ್ರಗಳಲ್ಲಿ ಡಿಸ್ಕಿಗೆ ತಾನಾಗಿಯೇ ಗೂಢಲಿಪಿಯ ಬೀಗ ಬೀಳುತ್ತದೆ. ಅದನ್ನು ತೆರೆಯುವ ೪೮ ಅಂಕಿಗಳ ಸಂಖ್ಯೆ ಆ ಖಾತೆಯಲ್ಲಿರುತ್ತದೆ. ಖಾತೆಯ ಗುಪ್ತಪದವನ್ನು ಮರೆತು, ಯಂತ್ರವೂ ಕೈಕೊಟ್ಟರೆ ಮದುವೆಯ ಚಿತ್ರಗಳೂ ಇಲ್ಲ, ಮನೆಪತ್ರದ ಪ್ರತಿಯೂ ಇಲ್ಲ. ಆ ಸಂಖ್ಯೆಯನ್ನು ಕಾಗದದ ಮೇಲೆ ಬರೆದು ಕಪಾಟಿನಲ್ಲಿಡಿ.

ಕನ್ನಡಿಗರ ಮನೆಗಳಲ್ಲಿ ಇನ್ನೊಂದು ಗಂಡಾಂತರವೂ ಉಂಟು. ಯೂನಿಕೋಡ್ ಬಳಕೆ ಹಬ್ಬುವ ಮುನ್ನ ನುಡಿ, ಬರಹ ತಂತ್ರಾಂಶಗಳಲ್ಲಿ ಬೆರಳಚ್ಚಿಸಿದ ಕಡತಗಳು ಹೇರಳವಾಗಿವೆ: ಅಜ್ಜನ ಆತ್ಮಕಥೆ, ವಂಶವೃಕ್ಷ, ಸಂಘದ ನಡವಳಿಗಳು. ಆ ಹಳೆಯ ಕಡತಗಳ ಒಳಗೆ ಇರುವುದು ಇಂಗ್ಲಿಷಿನ ಸಂಕೇತಗಳು; ಆ ಫಾಂಟು ಅವುಗಳಿಗೆ ಕನ್ನಡದ ವೇಷ ತೊಡಿಸುತ್ತದೆ. ಹಳೆಯ ವ್ಯವಸ್ಥೆಯ ಮೇಲೆಯೇ ಹೊಸದನ್ನು ಏರಿಸಿದರೆ ಫಾಂಟುಗಳು ಉಳಿಯುತ್ತವೆ. ಎಲ್ಲವನ್ನೂ ಅಳಿಸಿ ತುಂಬಿಸಿದರೆ, ಅಥವಾ ಹೊಸ ಯಂತ್ರವನ್ನೇ ಕೊಂಡರೆ, ಅಜ್ಜನ ಬರಹವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆಯಾಗಿ ಕಾಣುತ್ತದೆ. ಕಡತ ಕೆಟ್ಟಿತೆಂದು ತಿಳಿದು ಅಳಿಸಿಬಿಟ್ಟವರೂ ಉಂಟು. ಕೆಟ್ಟಿರುವುದಿಲ್ಲ, ಫಾಂಟನ್ನು ಮರಳಿ ಹಾಕಿದೊಡನೆ ಕನ್ನಡ ಮೂಡುತ್ತದೆ. ಅವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳೂ ಇವೆ. ಪರಿವರ್ತನೆಯಲ್ಲಿ ಅಲ್ಲೊಂದು ಇಲ್ಲೊಂದು ಒತ್ತಕ್ಷರ ತಪ್ಪುವುದರಿಂದ, ಹಳೆಯ ಯಂತ್ರ ಇನ್ನೂ ಮೇಜಿನ ಮೇಲಿರುವಾಗಲೇ ಎರಡೂ ಪರದೆಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಬ್ಬರು ಓದಿ ಇನ್ನೊಬ್ಬರು ತಾಳೆ ನೋಡುವುದು ಕ್ಷೇಮ. ನೂರು ಪುಟದ ಆತ್ಮಕಥೆಗೆ ರಜೆಯ ಎರಡು ಮಧ್ಯಾಹ್ನಗಳು ಹಿಡಿಯಬಹುದು.